ರೈಲು ಟಿಕೆಟ್‌ನ ಉಳಿದರ್ಧ ದುಡ್ಡು ಯಾರ ಕಿಸೆಯಿಂದ ಬರುತ್ತದೆ?

2025ರಲ್ಲಿ ರೈಲು ಟಿಕೆಟ್ ದರ ಎರಡು ಸಲ ಏರಿತು. ಜುಲೈ 1ಕ್ಕೆ ಒಮ್ಮೆ, ಡಿಸೆಂಬರ್ 26ಕ್ಕೆ ಇನ್ನೊಮ್ಮೆ. ಅದೇ ವರ್ಷ ಮಾರ್ಚ್‌ನಲ್ಲಿ ರೈಲ್ವೆ ಸಚಿವ ಅಶ್ವಿನಿ ವೈಷ್ಣವ್ ಸಂಸತ್ತಿನಲ್ಲಿ, ಪ್ರಯಾಣಿಕರಿಗೆ ಸರಾಸರಿ ಶೇ 47ರಷ್ಟು ಸಬ್ಸಿಡಿ ಸಿಗುತ್ತಿದೆ ಎಂದಿದ್ದರು. ಆಗಸ್ಟ್ 10ರಂದು ಬೆಂಗಳೂರು–ಬೆಳಗಾವಿ ವಂದೇ ಭಾರತ್ ರೈಲಿಗೆ ಪ್ರಧಾನಿ ಹಸಿರು ನಿಶಾನೆ ತೋರಿದರು.

ಈ ಸುದ್ದಿಗಳನ್ನು ಒಟ್ಟಿಗೆ ಓದಿದರೆ ತಲೆ ಗೊಂದಲ ಆಗುವುದು ಸಹಜ. ಅರ್ಧ ದುಡ್ಡು ಸರ್ಕಾರವೇ ಹಾಕುತ್ತಿದ್ದರೆ ದರ ಯಾಕೆ ಏರಬೇಕು? ಅಷ್ಟು ನಷ್ಟ ಇದ್ದರೆ ಹೊಸ ಎಸಿ ರೈಲು ಎಲ್ಲಿಂದ ಬಂತು? 2020ರಲ್ಲಿ ನಿಲ್ಲಿಸಿದ ಹಿರಿಯ ನಾಗರಿಕರ ರಿಯಾಯಿತಿ ಯಾಕೆ ಇನ್ನೂ ವಾಪಸ್ ಬಂದಿಲ್ಲ? ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಮಟ್ಟಿಗೆ ಈ ಪ್ರಶ್ನೆಗಳು ಇನ್ನೂ ಹತ್ತಿರದವು. ಯಾಕೆಂದರೆ ಈ ಸಬ್ಸಿಡಿಯನ್ನು ಪಡೆಯುವವರೂ ಇಲ್ಲಿದ್ದಾರೆ, ಅದಕ್ಕೆ ದುಡ್ಡು ತೆರುವವರೂ ಇಲ್ಲೇ ಇದ್ದಾರೆ.

ಏರಿದ್ದು ಎಷ್ಟು?

ಮೊದಲು ಏರಿಕೆಯ ಲೆಕ್ಕ ನೋಡೋಣ. ಜುಲೈನಲ್ಲಿ ಮೇಲ್ ಮತ್ತು ಎಕ್ಸ್‌ಪ್ರೆಸ್ ರೈಲುಗಳ ಎಸಿ ಅಲ್ಲದ ಬೋಗಿಗಳಿಗೆ ಕಿಲೋಮೀಟರಿಗೆ 1 ಪೈಸೆ, ಎಸಿ ಬೋಗಿಗಳಿಗೆ 2 ಪೈಸೆ ಜಾಸ್ತಿಯಾಯಿತು. ಡಿಸೆಂಬರ್‌ನಲ್ಲಿ ಎಕ್ಸ್‌ಪ್ರೆಸ್ ರೈಲುಗಳ ಎಲ್ಲ ಬೋಗಿಗಳಿಗೂ 2 ಪೈಸೆ ಏರಿತು. ಸಾಧಾರಣ ಪ್ಯಾಸೆಂಜರ್ ರೈಲಿನಲ್ಲಿ 215 ಕಿಲೋಮೀಟರ್‌ವರೆಗೆ ಏನೂ ಏರಲಿಲ್ಲ. ಸೀಸನ್ ಪಾಸ್ ದರವನ್ನೂ ಮುಟ್ಟಲಿಲ್ಲ.

ವಿಜಯಪುರದಿಂದ ಹುಬ್ಬಳ್ಳಿ ಮೇಲೆ ಬೆಂಗಳೂರಿಗೆ 700 ಕಿಲೋಮೀಟರ್ ದಾಟುತ್ತದೆ. ಸ್ಲೀಪರ್‌ನಲ್ಲಿ ಹೋಗುವವರಿಗೆ ಎರಡೂ ಏರಿಕೆ ಸೇರಿ ಸುಮಾರು 21 ರೂಪಾಯಿ ಹೊರೆ. ಬೆಳಗಾವಿಯಿಂದ ಬೆಂಗಳೂರಿಗೆ ಸುಮಾರು 18 ರೂಪಾಯಿ. ಬಾಗಲಕೋಟೆಯಿಂದ ಹುಬ್ಬಳ್ಳಿ, ವಿಜಯಪುರದಿಂದ ಸೊಲ್ಲಾಪುರ, ಬೆಳಗಾವಿಯಿಂದ ಮಿರಜ್ ಎಲ್ಲವೂ 215 ಕಿಲೋಮೀಟರ್‌ನ ಒಳಗೇ ಬರುತ್ತವೆ. ಪ್ಯಾಸೆಂಜರ್ ರೈಲು ಹತ್ತಿದರೆ ಹಳೇ ದರವೇ.

ಮೊತ್ತ ದೊಡ್ಡದಲ್ಲ, ನಿಜ. ಆದರೆ ಆ 215 ಕಿಲೋಮೀಟರ್ ರಕ್ಷಣೆಯ ಒಳಗೆ ಒಂದು ಷರತ್ತು ಇದೆ. ಅದು ಸಾಧಾರಣ ಪ್ಯಾಸೆಂಜರ್ ರೈಲಿಗೆ ಮಾತ್ರ. ಹೋಗಬೇಕಾದ ಹೊತ್ತಿಗೆ ಎಕ್ಸ್‌ಪ್ರೆಸ್ ಬಿಟ್ಟರೆ ಬೇರೆ ಗಾಡಿ ಇಲ್ಲದಿದ್ದರೆ ಎಕ್ಸ್‌ಪ್ರೆಸ್ ದರವನ್ನೇ ಕೊಡಬೇಕು. ಬಡವರಿಗೆ ದರ ಏರಿಸಿಲ್ಲ ಎಂಬ ಮಾತು ಆ ಊರಿನ ಹಳಿಯ ಮೇಲೆ ದಿನಕ್ಕೆ ಎಷ್ಟು ಪ್ಯಾಸೆಂಜರ್ ಓಡುತ್ತವೆ ಎನ್ನುವುದರ ಮೇಲೆ ನಿಂತಿದೆ. ಈ ವಿಷಯಕ್ಕೆ ಮತ್ತೆ ಬರೋಣ, ಇಡೀ ಚರ್ಚೆಯ ಗಂಟು ಇರುವುದು ಇಲ್ಲೇ.

ರೈಲ್ವೆ ಹೇಳುವ ಲೆಕ್ಕ

ಸಚಿವರು ಕೊಟ್ಟ ಲೆಕ್ಕದ ಪ್ರಕಾರ ಒಬ್ಬ ಪ್ರಯಾಣಿಕನನ್ನು ಒಂದು ಕಿಲೋಮೀಟರ್ ಸಾಗಿಸಲು 1 ರೂಪಾಯಿ 38 ಪೈಸೆ ಖರ್ಚು. ವಸೂಲಾಗುವುದು 73 ಪೈಸೆ. ಅಂದರೆ 100 ಕಿಲೋಮೀಟರ್ ಪ್ರಯಾಣಕ್ಕೆ 138 ರೂಪಾಯಿ ಖರ್ಚಾದರೆ, ಸರಾಸರಿ ಟಿಕೆಟ್ 73 ರೂಪಾಯಿ. 2023–24ರಲ್ಲಿ ಈ ಅಂತರದ ಒಟ್ಟು ಮೊತ್ತ 60,466 ಕೋಟಿ ರೂಪಾಯಿ.

ಇದು ಎಲ್ಲ ದರ್ಜೆಗಳ ಸರಾಸರಿ. ದರ್ಜೆವಾರು ನೋಡಿದರೆ ಚಿತ್ರ ಬೇರೆ. ಎಸಿ ತ್ರೀ ಟಯರ್ ಮಾತ್ರ ಹಲವು ವರ್ಷ ತನ್ನ ಖರ್ಚು ತಾನೇ ದುಡಿದುಕೊಂಡು ಸ್ವಲ್ಪ ಉಳಿಸಿದೆ. ಮುಂಬೈನಂಥ ನಗರಗಳ ಲೋಕಲ್ ರೈಲು ಮತ್ತು ಸಾಧಾರಣ ಪ್ಯಾಸೆಂಜರ್‌ಗಳಲ್ಲಿ ಖರ್ಚಿಗೂ ಟಿಕೆಟ್‌ಗೂ ಬಹಳ ಅಂತರ.

ಈಗ ಡಿಸೆಂಬರ್ ಏರಿಕೆಯನ್ನು ಇದರ ಪಕ್ಕದಲ್ಲಿಡಿ. ಅದರಿಂದ ಆ ಆರ್ಥಿಕ ವರ್ಷದ ಉಳಿದ ಮೂರು ತಿಂಗಳಲ್ಲಿ ಸುಮಾರು 600 ಕೋಟಿ ರೂಪಾಯಿ ಹೆಚ್ಚುವರಿ ಆದಾಯ ಬರಬಹುದು ಎಂದು ರೈಲ್ವೆ ಹೇಳಿತ್ತು. ಇಡೀ ವರ್ಷಕ್ಕೆ ಅದರ ನಾಲ್ಕು ಪಟ್ಟು ಬಂದರೂ 60 ಸಾವಿರ ಕೋಟಿಯ ಮುಂದೆ ಅದು ನೂರರಲ್ಲಿ ನಾಲ್ಕು ಪಾಲು. ಪೈಸೆ ಲೆಕ್ಕದಲ್ಲಿ ದರ ಏರಿಸುತ್ತಾ ಹೋದರೆ ಈ ಅಂತರ ತುಂಬುವುದಿಲ್ಲ. ತುಂಬಬೇಕು ಅಂತ ನಿಜವಾಗಿ ಹೊರಟರೆ ಟಿಕೆಟ್ ದರ ಹತ್ತಿರ ಹತ್ತಿರ ಎರಡು ಪಟ್ಟಾಗಬೇಕು. ಅದನ್ನು ಯಾವ ಸರ್ಕಾರವೂ ಮಾಡಲ್ಲ, ಮಾಡಲೂಬಾರದು. ಹಾಗಾಗಿ ಸಬ್ಸಿಡಿ ಇರುತ್ತದೆ. ಅದು ಎಲ್ಲಿಂದ ಬರುತ್ತದೆ ಎನ್ನುವುದೇ ಪ್ರಶ್ನೆ.

ಕೂಡಗಿಗೆ ಹೋಗುವ ಕಲ್ಲಿದ್ದಲು

ಸರ್ಕಾರ ಸಬ್ಸಿಡಿ ಕೊಡುತ್ತದೆ ಎಂಬ ಮಾತು ಕೇಳಿದರೆ, ದೆಹಲಿಯ ಬಜೆಟ್‌ನಲ್ಲಿ ಪ್ರಯಾಣಿಕರಿಗಾಗಿ 60 ಸಾವಿರ ಕೋಟಿ ತೆಗೆದಿಟ್ಟಿದ್ದಾರೆ ಅನಿಸುತ್ತದೆ ಅಲ್ವಾ? ಹಾಗೇನೂ ಇಲ್ಲ. ಕೇಂದ್ರ ಬಜೆಟ್ ರೈಲ್ವೆಗೆ ದೊಡ್ಡ ಮೊತ್ತ ಕೊಡುತ್ತದೆ, 2025–26ರಲ್ಲಿ 2.52 ಲಕ್ಷ ಕೋಟಿ ರೂಪಾಯಿ. ಆದರೆ ಅದು ಹೊಸ ಹಳಿ, ಜೋಡಿ ಹಳಿ, ಬೋಗಿ, ಎಂಜಿನ್, ಸುರಕ್ಷತೆಯಂಥ ಬಂಡವಾಳದ ಕೆಲಸಕ್ಕೆ. ದಿನನಿತ್ಯ ಗಾಡಿ ಓಡಿಸುವ ಖರ್ಚನ್ನು ರೈಲ್ವೆ ತನ್ನ ಗಳಿಕೆಯಿಂದಲೇ ತೂಗಿಸಬೇಕು. ಪ್ರಯಾಣಿಕರಿಂದ ಆಗುವ ಕೊರತೆಯನ್ನು ತುಂಬುವುದು ಗೂಡ್ಸ್ ರೈಲಿನ ದುಡ್ಡು.

ಈ ಏರ್ಪಾಟಿಗೆ ಕ್ರಾಸ್ ಸಬ್ಸಿಡಿ ಅನ್ನುತ್ತಾರೆ. ಸರಕು ಸಾಗಿಸುವವರಿಂದ ಖರ್ಚಿಗಿಂತ ಜಾಸ್ತಿ ವಸೂಲಿ ಮಾಡಿ, ಜನರಿಂದ ಕಡಿಮೆ ತೆಗೆದುಕೊಳ್ಳುವುದು. ಮಹಾಲೇಖಪಾಲರ (ಸಿಎಜಿ) ವರದಿಯ ಪ್ರಕಾರ 2021–22ರಲ್ಲಿ ಪ್ರಯಾಣಿಕ ಸೇವೆಯ ನಷ್ಟ 68,269 ಕೋಟಿ ರೂಪಾಯಿ. ಆ ವರ್ಷ ಸರಕು ಸಾಗಣೆಯ ಲಾಭವೆಲ್ಲ ಇದಕ್ಕೇ ಹೋಯಿತು. ಅದೂ ಸಾಲಲಿಲ್ಲ.

ಆ ಸರಕಿನಲ್ಲಿ ತೂಕದ ಲೆಕ್ಕಕ್ಕೆ ಅರ್ಧದಷ್ಟು ಕಲ್ಲಿದ್ದಲು. ಇಲ್ಲಿಗೆ ನಮ್ಮ ಭಾಗದ ಕಥೆ ಶುರು. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವ್ಯಾಟ್ ಉಷ್ಣ ವಿದ್ಯುತ್ ಸ್ಥಾವರ ಇದೆ. ಅದಕ್ಕೆ ಬೇಕಾದ ಕಲ್ಲಿದ್ದಲು ದೂರದ ಗಣಿಗಳಿಂದ ರೈಲಿನಲ್ಲೇ ಬರುತ್ತದೆ. ಸೊಲ್ಲಾಪುರದ ಹತ್ತಿರದ ಹೋಟಗಿಯಿಂದ ಕೂಡಗಿ ಮೇಲೆ ಗದಗದವರೆಗಿನ 284 ಕಿಲೋಮೀಟರ್ ಜೋಡಿ ಹಳಿ ಯೋಜನೆಗೆ ದೊಡ್ಡ ಕಾರಣವೇ ಈ ಸ್ಥಾವರ. ಎನ್‌ಟಿಪಿಸಿ ಅದಕ್ಕೆ ದುಡ್ಡೂ ಹಾಕಿದೆ.

ಕಲ್ಲಿದ್ದಲಿನ ಸಾಗಣೆ ದರ ಏರಿದರೆ ಕರೆಂಟ್ ಮಾಡುವ ಖರ್ಚು ಏರುತ್ತದೆ. ಆ ಖರ್ಚನ್ನು ಕರೆಂಟ್ ಕೊಳ್ಳುವ ರಾಜ್ಯಗಳ ವಿದ್ಯುತ್ ಕಂಪನಿಗಳು ಕೊಡುತ್ತವೆ. ಅವು ನಮ್ಮ ಬಿಲ್ಲಿನಲ್ಲಿ ಅದನ್ನು ಸೇರಿಸುತ್ತವೆ. 2018ರಲ್ಲಿ ಬ್ರೂಕಿಂಗ್ಸ್ ಇಂಡಿಯಾ ಎಂಬ ಅಧ್ಯಯನ ಸಂಸ್ಥೆಯ ಸಂಶೋಧಕರು ಇದನ್ನು ಲೆಕ್ಕ ಹಾಕಿದ್ದರು. ರೈಲ್ವೆ ಕಲ್ಲಿದ್ದಲಿನ ಮೇಲೆ ಸುಮಾರು ಶೇ 31ರಷ್ಟು ಹೆಚ್ಚು ದರ ಹಾಕುತ್ತಿದೆ, ಅದರಿಂದ ಕರೆಂಟ್ ಯೂನಿಟ್‌ಗೆ ಸರಾಸರಿ 10 ಪೈಸೆಯಷ್ಟು ದುಬಾರಿ ಆಗುತ್ತಿದೆ ಎಂದು ಅವರು ಹೇಳಿದ್ದರು.

ಇದರ ಅರ್ಥ ಏನು? ಇಂಡಿ ತಾಲ್ಲೂಕಿನ ಒಬ್ಬ ಹೆಣ್ಣುಮಗಳು ವರ್ಷಕ್ಕೆ ಒಮ್ಮೆಯೂ ರೈಲು ಹತ್ತದಿರಬಹುದು. ಆದರೂ ಹಿಟ್ಟಿನ ಗಿರಣಿಗೆ ಹೋದಾಗ, ಮನೆಯಲ್ಲಿ ಮಿಕ್ಸರ್ ಹಾಕಿದಾಗ ಅವಳು ರೈಲು ಸಬ್ಸಿಡಿಗೆ ತನ್ನ ಪಾಲು ಕೊಡುತ್ತಿದ್ದಾಳೆ. ಬಾಗಲಕೋಟೆ ಜಿಲ್ಲೆಯ ಸಿಮೆಂಟಿನಲ್ಲೂ ಅದೇ. ಮನೆ ಕಟ್ಟುವವನು ಚೀಲದ ಬೆಲೆಯಲ್ಲಿ ಸಾಗಣೆಯ ಖರ್ಚು ಕೊಡುತ್ತಾನೆ. ಯಾವ ರಸೀದಿಯಲ್ಲೂ ಅದು ಕಾಣುವುದಿಲ್ಲ.

ಈ ಲೆಕ್ಕವನ್ನು ಎಷ್ಟು ನಂಬಬೇಕು?

1 ರೂಪಾಯಿ 38 ಪೈಸೆ ಎಂಬ ಅಂಕಿಯನ್ನು ಕಲ್ಲಿನ ಮೇಲೆ ಕೊರೆದ ಸತ್ಯ ಅಂದುಕೊಳ್ಳಬಾರದು. ಒಂದೇ ಹಳಿಯ ಮೇಲೆ ಕಲ್ಲಿದ್ದಲಿನ ಗಾಡಿಯೂ ಓಡುತ್ತದೆ, ಗೋಳಗುಮ್ಮಟ ಎಕ್ಸ್‌ಪ್ರೆಸ್ಸೂ ಓಡುತ್ತದೆ. ಸ್ಟೇಷನ್ ಮಾಸ್ತರರ ಸಂಬಳ, ಸಿಗ್ನಲ್, ಹಳಿ ದುರಸ್ತಿ, ನಿವೃತ್ತರ ಪಿಂಚಣಿ ಇವುಗಳಲ್ಲಿ ಪ್ರಯಾಣಿಕರ ಪಾಲೆಷ್ಟು, ಸರಕಿನ ಪಾಲೆಷ್ಟು? ತುಂಬಿದ ಮನೆಯಲ್ಲಿ ಒಂದೇ ಒಲೆಯ ಮೇಲೆ ಅಡುಗೆ ಆದಾಗ ಗ್ಯಾಸಿನ ಖರ್ಚನ್ನು ಒಬ್ಬೊಬ್ಬರ ಲೆಕ್ಕಕ್ಕೆ ಹಂಚಿದ ಹಾಗೆ ಇದು. ಯಾವ ಸೂತ್ರ ಹಿಡಿಯುತ್ತೇವೋ ಅದರ ಮೇಲೆ ಉತ್ತರ ಬದಲಾಗುತ್ತದೆ.

ಈ ಹಂಚಿದ ಖರ್ಚು ಸಣ್ಣದೇನಲ್ಲ. ರೈಲ್ವೆಯೇ ಹೇಳಿದಂತೆ 2024–25ರಲ್ಲಿ ಓಡಾಟದ ಒಟ್ಟು ವೆಚ್ಚ ಸುಮಾರು 2.63 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಸಿಬ್ಬಂದಿ ವೆಚ್ಚ 1.15 ಲಕ್ಷ ಕೋಟಿ, ಪಿಂಚಣಿ 60 ಸಾವಿರ ಕೋಟಿ. ನಿವೃತ್ತ ನೌಕರರ ಪಿಂಚಣಿ ಕೊಡಲೇಬೇಕಾದ ಹಣ. ಆದರೆ ನಾಳೆ ವಿಜಯಪುರ ಪ್ಯಾಸೆಂಜರ್ ನಿಂತರೆ ಆ ಪಿಂಚಣಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಇದು ಮುಖ್ಯವಾದ ಮಾತು. ಗಾಡಿ ನಿಲ್ಲಿಸಿದರೆ ಉಳಿಯುವ ದುಡ್ಡು, ಪುಸ್ತಕದಲ್ಲಿ ತೋರಿಸುವ ನಷ್ಟಕ್ಕಿಂತ ಬಹಳ ಕಡಿಮೆ. ಹಾಗೆಯೇ ಓಡುತ್ತಿರುವ ಗಾಡಿಗೆ ಒಂದು ಜನರಲ್ ಬೋಗಿ ಜೋಡಿಸಿದರೆ ಆಗುವ ಹೆಚ್ಚುವರಿ ಖರ್ಚೂ ಆ ಸರಾಸರಿಗಿಂತ ಕಡಿಮೆ. ಎಂಜಿನ್, ಡ್ರೈವರ್, ಹಳಿ ಎಲ್ಲವೂ ಮೊದಲೇ ಇವೆ.

ಹಾಗಂತ ನಷ್ಟವೇ ಸುಳ್ಳು ಅನ್ನಲು ಬರುವುದಿಲ್ಲ. 2023–24ರಲ್ಲಿ ರೈಲ್ವೆ ಗಳಿಸಿದ ಪ್ರತಿ 100 ರೂಪಾಯಿಯಲ್ಲಿ 98 ರೂಪಾಯಿ 43 ಪೈಸೆ ಖರ್ಚಿಗೇ ಹೋಯಿತು. ಹಳೇ ಹಳಿ, ಹಳೇ ಸಿಗ್ನಲ್ ಬದಲಿಸಲು ಕೈಯಲ್ಲಿ ಉಳಿಯುವುದು ಒಂದೂವರೆ ರೂಪಾಯಿ. ಹೀಗಿರುವಾಗ ಯಾವ ಸುಧಾರಣೆಗೂ ಬಜೆಟ್ ಕಡೆಗೇ ಕೈ ಚಾಚಬೇಕು.

ಸಬ್ಸಿಡಿ ಬೇಕು ಅನ್ನುವವರ ವಾದ

ಈ ಭಾಗದ ರೈಲಿನ ಹುಟ್ಟೇ ಲಾಭದ ಲೆಕ್ಕದಿಂದ ಆದದ್ದಲ್ಲ. 1876ರಿಂದ 78ರ ಬರಗಾಲದಲ್ಲಿ ಆಗಿನ ಕಲಾದಗಿ ಜಿಲ್ಲೆ, ಅಂದರೆ ಇಂದಿನ ವಿಜಯಪುರ–ಬಾಗಲಕೋಟೆ ಸೀಮೆ, ನುಚ್ಚುನೂರಾಯಿತು. ಬೇರೆ ಕಡೆ ಕಾಳು ಇದ್ದರೂ ಇಲ್ಲಿಗೆ ತರುವ ದಾರಿ ಇರಲಿಲ್ಲ. ಎತ್ತಿನ ಗಾಡಿಯಲ್ಲಿ ತರಬೇಕಾದರೆ ದಾರಿಯಲ್ಲಿ ಎತ್ತುಗಳಿಗೂ ಮೇವು ನೀರು ಬೇಕು, ಬರದಲ್ಲಿ ಅದೂ ಇಲ್ಲ. ಬರಗಾಲ ಆಯೋಗ ಇಂಥ ಸೀಮೆಗಳಿಗೆ ರೈಲು ಬೇಕು ಎಂದಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಬಂತು, 1884ರಲ್ಲಿ ಹೋಟಗಿ–ಗದಗ ಮೀಟರ್ ಗೇಜ್ ಹಳಿ ತೆರೆಯಿತು. ಕಂಪನಿಯ ಬಂಡವಾಳಕ್ಕೆ ಬಡ್ಡಿಯ ಖಾತರಿ ಸರ್ಕಾರದ್ದು. ವ್ಯಾಪಾರ ಅಷ್ಟಾಗಿ ಇಲ್ಲದ ಒಣ ಸೀಮೆಗೆ ಖಾಸಗಿ ದುಡ್ಡು ತಾನಾಗಿ ಬರುವುದಿಲ್ಲ ಎಂದು ಆಗಿನವರಿಗೂ ಗೊತ್ತಿತ್ತು.

ಇಂದು ಬರ ಬಂದರೆ ಕಾಳು ಲಾರಿಯಲ್ಲೂ ಬರುತ್ತದೆ. ಈಗ ಊರು ಬಿಟ್ಟು ಹೋಗುವುದು ಜನ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದ ಗೋವಾ, ಪುಣೆ, ಮುಂಬೈ, ಮಂಗಳೂರು, ಬೆಂಗಳೂರಿಗೆ ದುಡಿಯಲು ಹೋಗುವ ಕುಟುಂಬಗಳು ಬಹಳ. ಕೈಯಲ್ಲಿ ದುಡ್ಡು ಇಲ್ಲದ ಹೊತ್ತಿನಲ್ಲೇ ಅವರು ಊರು ಬಿಡುತ್ತಾರೆ. ಅಗ್ಗದ ಟಿಕೆಟ್ ಇದ್ದರೆ ಸಾಲ ಮಾಡದೆ ಹೋಗಬಹುದು. ಹಬ್ಬಕ್ಕೆ, ಮಗುವಿಗೆ ಹುಷಾರಿಲ್ಲದಾಗ ವಾಪಸ್ ಬರಬಹುದು.

ಆಸ್ಪತ್ರೆಯ ಓಡಾಟ ಇನ್ನೊಂದು. ಅಥಣಿ, ರಾಯಬಾಗ, ಕುಡಚಿ ಕಡೆಯವರು ಮೊದಲಿಂದಲೂ ದವಾಖಾನೆಗೆ ಮಿರಜ್‌ಗೆ ಹೋಗುತ್ತಾರೆ. ಇಂಡಿ, ವಿಜಯಪುರದ ಕಡೆಯವರಿಗೆ ಸೊಲ್ಲಾಪುರ ಹತ್ತಿರ. ಆಷಾಢ ಏಕಾದಶಿಗೆ ಮೂರೂ ಜಿಲ್ಲೆಗಳಿಂದ ಪಂಢರಪುರಕ್ಕೆ ಹೋಗುವ ವಾರಕರಿಗಳಲ್ಲಿ ವಯಸ್ಸಾದವರೇ ಜಾಸ್ತಿ. ಇದೆಲ್ಲ ರಾಜ್ಯದ ಗಡಿ ದಾಟುವ ಓಡಾಟ ಎನ್ನುವುದನ್ನು ಗಮನಿಸಬೇಕು. ಕರ್ನಾಟಕದ ಉಚಿತ ಬಸ್ಸು ಗಡಿಯ ತನಕ ಮಾತ್ರ. ಗಡಿ ಜಿಲ್ಲೆಗಳ ಬಡವರಿಗೆ ಆಚೆ ಊರಿಗೆ ಅಗ್ಗದ ದಾರಿ ರೈಲು.

ರಸ್ತೆಯ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ಸಬ್ಸಿಡಿಯ ಪರ ಇರುವವರು ಹೇಳುತ್ತಾರೆ. ಅವರ ಮಾತು ನ್ಯಾಯವಾದದ್ದು. ಹೆದ್ದಾರಿ ಕಟ್ಟಲು ಹೋಗುವುದೂ ಜನರ ದುಡ್ಡೇ. ಬಸ್ಸು, ಕಾರು, ಲಾರಿಗಳ ಹೊಗೆ, ಅಪಘಾತ, ಆಮದು ಡೀಸೆಲ್‌ನ ಖರ್ಚು ಯಾವ ಟಿಕೆಟ್‌ನಲ್ಲೂ ಇರುವುದಿಲ್ಲ. ಕರೆಂಟಿನ ಮೇಲೆ ಓಡುವ, ಒಂದೇ ಸಲಕ್ಕೆ ಸಾವಿರಾರು ಜನರನ್ನು ಒಯ್ಯುವ ರೈಲಿನ ನಷ್ಟವನ್ನು ಮಾತ್ರ ಎತ್ತಿ ತೋರಿಸುವುದು ಸರಿಯಲ್ಲ.

ಸಬ್ಸಿಡಿಯಿಂದ ಆಗುವ ತೊಂದರೆ

ವಿರೋಧಿಸುವವರ ಮಾತಿನಲ್ಲೂ ತೂಕ ಇದೆ. ಸರಕಿನ ದರ ಜಾಸ್ತಿ ಇಟ್ಟರೆ ವ್ಯಾಪಾರಿಗಳು ಲಾರಿ ಹಿಡಿಯುತ್ತಾರೆ. 1950–51ರಲ್ಲಿ ದೇಶದ ಸರಕಿನಲ್ಲಿ ಶೇ 80ಕ್ಕೂ ಹೆಚ್ಚು ರೈಲಿನಲ್ಲಿ ಹೋಗುತ್ತಿತ್ತು. 2020ರ ಸುಮಾರಿಗೆ ಕೇಂದ್ರದ ರಾಷ್ಟ್ರೀಯ ರೈಲು ಯೋಜನೆ ತಯಾರಾಗುವ ಹೊತ್ತಿಗೆ ಅದು ಶೇ 27ರ ಆಸುಪಾಸಿಗೆ ಇಳಿದಿತ್ತು. ದರ ಒಂದೇ ಕಾರಣ ಅಲ್ಲ, ರಸ್ತೆಗಳು ಸುಧಾರಿಸಿದವು, ಲಾರಿ ಮನೆ ಬಾಗಿಲಿಗೆ ಬರುತ್ತದೆ. ಆದರೆ ದರವೂ ಒಂದು ಕಾರಣ ಹೌದು. ಹೀಗೆ ಸರಕು ಕೈತಪ್ಪಿದರೆ ಪ್ರಯಾಣಿಕರ ಕೊರತೆ ತುಂಬಲು ಉಳಿದ ಸರಕಿನ ಮೇಲೆ ಇನ್ನಷ್ಟು ಹೊರೆ ಹಾಕಬೇಕು. ಆಗ ಇನ್ನಷ್ಟು ಸರಕು ಲಾರಿಗೆ ಹೋಗುತ್ತದೆ. ಕೊನೆಗೆ ಬೇರೆ ದಾರಿಯೇ ಇಲ್ಲದ ಕಲ್ಲಿದ್ದಲು ಮಾತ್ರ ಕೈಗೆ ಸಿಗುತ್ತದೆ. ದೇಶ ಸೌರ, ಪವನ ವಿದ್ಯುತ್ತಿನ ಕಡೆ ಹೊರಳುತ್ತಿರುವಾಗ ಕಲ್ಲಿದ್ದಲನ್ನೇ ನಂಬಿ ಕೂತರೆ ಮುಂದೆ ಕಷ್ಟ ಇದೆ. ವಿಜಯಪುರದ ಹೊಲಗಳಲ್ಲಿ ಎದ್ದಿರುವ ಗಾಳಿ ಗಿರಣಿಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಆಕ್ಷೇಪ, ಸಬ್ಸಿಡಿ ಯಾರಿಗೆ ಸಿಗುತ್ತಿದೆ ಎಂಬುದು. ಎಲ್ಲರಿಗೂ ಕಡಿಮೆ ದರ ಅಂದಾಗ ಕೂಲಿಕಾರನಿಗೂ ಸಿಗುತ್ತದೆ, ಕಂಪನಿ ಖರ್ಚಿನಲ್ಲಿ ಓಡಾಡುವವನಿಗೂ ಸಿಗುತ್ತದೆ. ಇದೇ ಹೊತ್ತಿನಲ್ಲಿ, 60 ದಾಟಿದ ಗಂಡಸರಿಗೆ ಶೇ 40, 58 ದಾಟಿದ ಹೆಂಗಸರಿಗೆ ಶೇ 50 ಇದ್ದ ರಿಯಾಯಿತಿಯನ್ನು 2020ರ ಮಾರ್ಚ್ 20ರಿಂದ ತೆಗೆದರು. ಅಂಗವಿಕಲರು, ರೋಗಿಗಳು ಮತ್ತು ವಿದ್ಯಾರ್ಥಿಗಳ ಕೆಲವು ವರ್ಗಗಳಿಗೆ ಮಾತ್ರ ಉಳಿಸಿಕೊಂಡರು. ಎಲ್ಲರಿಗೂ ಸಬ್ಸಿಡಿ ಇದೆಯಲ್ಲ, ಮತ್ತೆ ಹಿರಿಯರಿಗೆ ಬೇರೆ ಯಾಕೆ ಎನ್ನುವುದು ಸರ್ಕಾರದ ಉತ್ತರ. ಇದು ತಲೆಕೆಳಗಾದ ಉತ್ತರ. ದುಡಿಯುವ ವಯಸ್ಸು ದಾಟಿದವರು ಯಾರು ಎಂದು ಗುರುತಿಸುವುದು ಸುಲಭ, ಅವರಿಗೆ ಆಸ್ಪತ್ರೆ ಓಡಾಟ ಜಾಸ್ತಿ. ಸ್ಲೀಪರ್ ಮತ್ತು ಜನರಲ್‌ಗಷ್ಟೇ ಸೀಮಿತ ಮಾಡಿಯಾದರೂ ಈ ರಿಯಾಯಿತಿಯನ್ನು ವಾಪಸ್ ತರಬಹುದಿತ್ತು.

ಅಗ್ಗದ ಟಿಕೆಟ್ ಇದೆ, ಕೂರಲು ಜಾಗ ಇಲ್ಲ

ನನಗೆ ಎಲ್ಲಕ್ಕಿಂತ ದೊಡ್ಡ ತೊಂದರೆ ಅನಿಸುವುದು ಇದು. ರೈಲ್ವೆಯ ಜಾಗದಲ್ಲಿ ನಿಂತು ಒಮ್ಮೆ ಯೋಚಿಸಿ. ಒಂದು ಪ್ಯಾಸೆಂಜರ್ ಗಾಡಿ ಹೆಚ್ಚು ಓಡಿಸಿದಷ್ಟೂ ಪುಸ್ತಕದಲ್ಲಿ ನಷ್ಟ ಬೆಳೆಯುತ್ತದೆ. ಆ ನಷ್ಟವನ್ನು ತುಂಬಿಕೊಡುವವರು ಯಾರೂ ಇಲ್ಲ, ತನ್ನ ಸರಕಿನ ಗಳಿಕೆಯಿಂದಲೇ ತುಂಬಬೇಕು. ಅದೇ ಹಳಿಯ ಮೇಲೆ ಅದೇ ಹೊತ್ತಿಗೆ ಕಲ್ಲಿದ್ದಲಿನ ಗಾಡಿ ಓಡಿಸಿದರೆ ದುಡ್ಡು ಬರುತ್ತದೆ. ಎಸಿ ಗಾಡಿ ಓಡಿಸಿದರೆ ಹೆಸರೂ ಬರುತ್ತದೆ, ಖರ್ಚಿನ ಹೆಚ್ಚು ಪಾಲೂ ವಸೂಲಾಗುತ್ತದೆ. ಇಂಥ ಲೆಕ್ಕದಲ್ಲಿ ಯಾವ ಅಧಿಕಾರಿ ತಾನಾಗಿ ಮುಂದೆ ಬಂದು ಇನ್ನೊಂದು ಪ್ಯಾಸೆಂಜರ್ ಕೊಡಿ ಅಂತ ಕೇಳುತ್ತಾನೆ?

ಹಾಗಾಗಿ ಟಿಕೆಟ್ ಅಗ್ಗವಾಗಿಯೇ ಉಳಿಯುತ್ತದೆ. ಗಾಡಿ ಮಾತ್ರ ಹೆಚ್ಚುವುದಿಲ್ಲ. ಬಡವನು ಕಡಿಮೆ ಕೊಟ್ಟ ದುಡ್ಡಿಗೆ ಬದಲಾಗಿ ಬಾಗಿಲಲ್ಲಿ ಜೋತಾಡುತ್ತಾನೆ, ಶೌಚಾಲಯದ ಪಕ್ಕ ರಾತ್ರಿಯಿಡೀ ಕೂರುತ್ತಾನೆ. ಅದು ಸಾಧ್ಯವಾಗದವರು ಸಾಲ ಮಾಡಿ ಖಾಸಗಿ ಸ್ಲೀಪರ್ ಬಸ್ಸು ಹತ್ತುತ್ತಾರೆ. ದೀಪಾವಳಿ ಹೊತ್ತಿನಲ್ಲಿ ಬೆಂಗಳೂರಿನಿಂದ ವಿಜಯಪುರ, ಬಾಗಲಕೋಟೆ, ಬೆಳಗಾವಿಗೆ ಆ ಬಸ್ಸುಗಳ ದರ ಎಲ್ಲಿಗೆ ಮುಟ್ಟುತ್ತದೆ ಎಂದು ಊರಿಗೆ ಬಂದ ಯಾರನ್ನು ಕೇಳಿದರೂ ಹೇಳುತ್ತಾರೆ. ರೈಲಿನಲ್ಲಿ ಸಿಗದ ಸಬ್ಸಿಡಿ ಅವರ ಲೆಕ್ಕಕ್ಕೆ ಬರುವುದೇ ಇಲ್ಲ.

ಕೊರೊನಾ ಕಾಲದಲ್ಲಿ ಇದು ಬಯಲಾಯಿತು. ನಿಂತ ಪ್ಯಾಸೆಂಜರ್‌ಗಳು ಮತ್ತೆ ಶುರುವಾದಾಗ ಸ್ಪೆಷಲ್, ಎಕ್ಸ್‌ಪ್ರೆಸ್ ಎಂಬ ಹೆಸರಿನಲ್ಲಿ ಬಂದವು. 10 ರೂಪಾಯಿ ಇದ್ದ ಕನಿಷ್ಠ ಟಿಕೆಟ್ 30 ರೂಪಾಯಿ ಆಯಿತು. ಗಾಡಿ ಅದೇ, ನಿಲ್ದಾಣಗಳೂ ಬಹುಪಾಲು ಅವೇ. ಹಳೇ ದರ ವಾಪಸ್ ಬಂದದ್ದು 2024ರ ಫೆಬ್ರವರಿಯಲ್ಲಿ, ಲೋಕಸಭೆ ಚುನಾವಣೆಗೆ ಸ್ವಲ್ಪ ಮುಂಚೆ. ಸಬ್ಸಿಡಿ ಎಲ್ಲೂ ಬರೆದಿಟ್ಟ ಹಕ್ಕಾಗಿಲ್ಲದಿದ್ದರೆ, ಹೆಸರು ಬದಲಿಸಿ ಅದನ್ನು ತೆಗೆಯುವುದು ಎಷ್ಟು ಸುಲಭ ಎಂದು ಆಗ ಗೊತ್ತಾಯಿತು.

ಜನರಲ್ ಮತ್ತು ಸ್ಲೀಪರ್ ಬೋಗಿಗಳನ್ನು ಸಾವಿರಾರು ಸಂಖ್ಯೆಯಲ್ಲಿ ತಯಾರಿಸುತ್ತಿದ್ದೇವೆ ಎಂದು ರೈಲ್ವೆ ಹೇಳುತ್ತಿದೆ. ಎಸಿ ಇಲ್ಲದ ಅಮೃತ್ ಭಾರತ್ ರೈಲುಗಳೂ 2023ರ ಕೊನೆಯಿಂದ ಬಂದಿವೆ. ಇದು ಒಳ್ಳೆಯ ಹೆಜ್ಜೆ. ಆದರೆ ಮೂಲ ಲೆಕ್ಕ ಬದಲಾಗದೆ ಈ ಉತ್ಸಾಹ ಎಷ್ಟು ದಿನ ಉಳಿಯುತ್ತದೆ ಎಂಬ ಅನುಮಾನಕ್ಕೆ ಜಾಗ ಇದೆ.

ಬಸ್ಸಿನ ಲೆಕ್ಕ ಬೇರೆ

2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯನ್ನು ಇದರ ಜೊತೆ ಹೋಲಿಸಿ ನೋಡಬಹುದು. ಬೆಳಗಾವಿ, ಬಾಗಲಕೋಟೆಯಲ್ಲಿ ವಾಯವ್ಯ ಸಾರಿಗೆ, ವಿಜಯಪುರದಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆ. ಎರಡರಲ್ಲೂ ಹೆಣ್ಣುಮಕ್ಕಳಿಗೆ ಶೂನ್ಯ ಟಿಕೆಟ್ ಹರಿಯುತ್ತಾರೆ. ಆ ಟಿಕೆಟ್‌ನ ಲೆಕ್ಕ ಹಿಡಿದು ನಿಗಮ ಸರ್ಕಾರದಿಂದ ದುಡ್ಡು ಕೇಳುತ್ತದೆ. ಬಜೆಟ್‌ನಲ್ಲಿ ಅದಕ್ಕೆ ಒಂದು ಸಾಲು ಇದೆ. ಬಾಕಿ ಉಳಿಸಿಕೊಂಡರೆ ವಿಧಾನಸಭೆಯಲ್ಲಿ ಗಲಾಟೆ ಆಗುತ್ತದೆ, ಪತ್ರಿಕೆಯಲ್ಲಿ ಬರುತ್ತದೆ.

ಶಕ್ತಿಯಲ್ಲಿ ಕುಂದುಕೊರತೆ ಇಲ್ಲ ಅಂತಲ್ಲ. ಬಸ್ಸಿನ ಗದ್ದಲ, ನಿಗಮಗಳ ಬಾಕಿ, 2025ರ ಜನವರಿಯಲ್ಲಿ ಬಸ್ ದರ ಶೇ 15 ಏರಿದ್ದು ಎಲ್ಲವೂ ಇವೆ. ಆದರೆ ಅಲ್ಲಿ ಜಗಳ ಆಡಲು ಒಂದು ಅಂಕಿ ಇದೆ. ಯಾರು ಕೊಡಬೇಕು, ಯಾರಿಗೆ ಕೊಡಬೇಕು, ಎಷ್ಟು ಕೊಟ್ಟಿಲ್ಲ ಎನ್ನುವುದು ಬಯಲಲ್ಲಿದೆ. ರೈಲಿನ ಸಬ್ಸಿಡಿ ಗೂಡ್ಸ್ ಗಾಡಿಯ ಲೆಕ್ಕದೊಳಗೆ ಮುಚ್ಚಿಹೋಗಿದೆ. ಬಾಗಲಕೋಟೆ ಮಾರ್ಗದ ಪ್ಯಾಸೆಂಜರ್‌ಗೆ ಈ ವರ್ಷ ಎಷ್ಟು ಕೊಟ್ಟಿರಿ ಅಂತ ಸಂಸದರು ಕೇಳಿದರೂ, ತೋರಿಸಲು ಬಜೆಟ್‌ನಲ್ಲಿ ಸಾಲೇ ಇಲ್ಲ.

ಹೊಸ ಹಳಿಗೆ ರಾಜ್ಯದ ದುಡ್ಡು

ಇನ್ನೊಂದು ಬಗೆಯ ಸಬ್ಸಿಡಿ ಇದೆ. ಅದರ ಹೆಸರು ಯಾರೂ ಹೇಳುವುದಿಲ್ಲ. ಬಾಗಲಕೋಟೆ–ಕುಡಚಿ 142 ಕಿಲೋಮೀಟರ್ ಮಾರ್ಗ 2010–11ರಲ್ಲಿ ಮಂಜೂರಾಯಿತು. ಜಮೀನು ರಾಜ್ಯದ್ದು, ಕಟ್ಟುವ ಖರ್ಚಿನಲ್ಲೂ ಅರ್ಧ ರಾಜ್ಯದ್ದು. ಬಾಗಲಕೋಟೆ ಕಡೆಯಿಂದ ಖಜ್ಜಿಡೋಣಿವರೆಗೆ ಹಳಿ ಬಂದು, ಮುಂದಿನ ತುಂಡಿಗೆ ವರ್ಷಗಟ್ಟಲೆ ಕಾಯಬೇಕಾಯಿತು. ಸುರೇಶ ಅಂಗಡಿಯವರು ರೈಲ್ವೆ ರಾಜ್ಯ ಸಚಿವರಾಗಿದ್ದಾಗ ಮಂಜೂರಾದ ಬೆಳಗಾವಿ–ಕಿತ್ತೂರು–ಧಾರವಾಡ ಮಾರ್ಗದ್ದೂ ಇದೇ ಷರತ್ತು. 73 ಕಿಲೋಮೀಟರ್‌ನ ಈ ಹಳಿ ಲೋಂಡಾ ಸುತ್ತು ತಪ್ಪಿಸುತ್ತದೆ. ಜಮೀನಿನ ತಕರಾರಿನಲ್ಲಿ ಅದರ ಕೆಲಸವೂ ತಡವಾಯಿತು. ಫಲವತ್ತಾದ ಹೊಲ ಹೋಗುತ್ತದೆ ಎಂದು ಅಡ್ಡ ನಿಂತ ರೈತರ ಮಾತನ್ನೂ ಸುಮ್ನೆ ತಳ್ಳಿಹಾಕಲಾಗದು. ಅವರು ಕೊಡುವುದು ಎಲ್ಲರಿಗಿಂತ ದೊಡ್ಡ ಪಾಲು.

ಹೀಗೆ ಕಟ್ಟಲು ರಾಜ್ಯ ಅರ್ಧ ಹಾಕುತ್ತದೆ. ಕಟ್ಟಿದ ಮೇಲೆ ಅದರ ಮೇಲೆ ಯಾವ ಗಾಡಿ, ದಿನಕ್ಕೆ ಎಷ್ಟು, ಎಲ್ಲಿ ನಿಲ್ಲಬೇಕು ಎನ್ನುವುದರಲ್ಲಿ ರಾಜ್ಯದ ಮಾತು ನಡೆಯುವುದಿಲ್ಲ. ಲೋಕಾಪುರ, ಮುಧೋಳ ಭಾಗದ ಸುಣ್ಣದಕಲ್ಲು, ಸಿಮೆಂಟ್, ಸಕ್ಕರೆಗೆ ಆ ಹಳಿ ಒಳ್ಳೆಯ ಸರಕು ಮಾರ್ಗ ಆಗಬಹುದು. ಜಮೀನು ಕೊಟ್ಟ ಊರಿನವರಿಗೆ ದಿನಕ್ಕೆ ಒಂದೇ ಪ್ಯಾಸೆಂಜರ್ ಸಿಕ್ಕರೆ ಅದನ್ನು ನ್ಯಾಯ ಅನ್ನಲಾಗದು.

ಬೇರೆ ದೇಶಗಳ ದಾರಿ

ಪ್ರಯಾಣಿಕರ ರೈಲಿಗೆ ಜನರ ದುಡ್ಡು ಹಾಕದ ದೇಶಗಳು ಬಹಳ ಕಡಿಮೆ. ಯುರೋಪಿನ ಹಲವು ದೇಶಗಳಲ್ಲಿ ನಷ್ಟದ ಮಾರ್ಗಗಳಿಗೆ ಒಪ್ಪಂದ ಇರುತ್ತದೆ. ಇಂಥ ಮಾರ್ಗದಲ್ಲಿ ದಿನಕ್ಕೆ ಇಷ್ಟು ಗಾಡಿ ಓಡಿಸಿ, ಇಷ್ಟು ದರ ಇಡಿ, ಅದಕ್ಕೆ ಇಷ್ಟು ದುಡ್ಡು ಕೊಡುತ್ತೇವೆ ಎಂದು ಸರ್ಕಾರ ಬರೆದುಕೊಡುತ್ತದೆ. ಓಡಿಸದಿದ್ದರೆ ದುಡ್ಡು ಕಟ್.

ಜರ್ಮನಿ 2022ರ ಬೇಸಿಗೆಯಲ್ಲಿ ತಿಂಗಳಿಗೆ 9 ಯೂರೋಗೆ ದೇಶದ ಎಲ್ಲ ಸ್ಥಳೀಯ ರೈಲು, ಬಸ್ಸುಗಳ ಪಾಸು ಕೊಟ್ಟಿತು. ಜನ ಮುಗಿಬಿದ್ದರು, ಗಾಡಿಗಳು ತುಂಬಿ ತುಳುಕಿದವು. ಮುಂದೆ 2023ರ ಮೇ ತಿಂಗಳಲ್ಲಿ ಅದನ್ನು 49 ಯೂರೋ ಪಾಸು ಮಾಡಿ, ಖರ್ಚನ್ನು ಕೇಂದ್ರ ಮತ್ತು ರಾಜ್ಯಗಳು ಅರ್ಧ ಅರ್ಧ ಹಂಚಿಕೊಂಡವು. ಆಮೇಲೂ ದರ ಏರಿದೆ, ಜಗಳವೂ ಇದೆ. ದರ ಇಳಿಸಿದ ವೇಗದಲ್ಲಿ ಗಾಡಿ ಹೆಚ್ಚಿಸಲು ಆಗುವುದಿಲ್ಲ ಎನ್ನುವುದು ಅಲ್ಲಿಯೂ ಕಂಡಿತು.

ಇಲ್ಲಿ ಏನು ಮಾಡಬಹುದು?

ರೈಲ್ವೆ ಸುಧಾರಣೆಗೆ ಕೇಂದ್ರ ನೇಮಿಸಿದ್ದ ಬಿಬೇಕ್ ದೇಬ್ರಾಯ್ ಸಮಿತಿ 2015ರಲ್ಲೇ ಒಂದು ದಾರಿ ಹೇಳಿತ್ತು. ರೈಲ್ವೆ ವ್ಯಾಪಾರದ ಲೆಕ್ಕ ಬೇರೆ ಇಡಲಿ, ಸಮಾಜಕ್ಕಾಗಿ ಹೊರುವ ನಷ್ಟವನ್ನು ಸರ್ಕಾರ ಬಜೆಟ್‌ನಿಂದ ತುಂಬಿಕೊಡಲಿ ಎಂದು. 2017ರಲ್ಲಿ ರೈಲ್ವೆ ಬಜೆಟ್ ಸಾಮಾನ್ಯ ಬಜೆಟ್‌ನಲ್ಲಿ ಸೇರಿತು. ರೈಲ್ವೆ ಸರ್ಕಾರಕ್ಕೆ ಕೊಡುತ್ತಿದ್ದ ಡಿವಿಡೆಂಡ್ (ಲಾಭಾಂಶ) ನಿಂತಿತು. ನಷ್ಟ ತುಂಬಿಕೊಡುವ ಮಾತು ಮಾತ್ರ ಅಲ್ಲೇ ಉಳಿಯಿತು.

ಅದನ್ನು ಈಗಲಾದರೂ ಎತ್ತಿಕೊಳ್ಳಬೇಕು. ಒಂದೇ ಸಲಕ್ಕೆ 60 ಸಾವಿರ ಕೋಟಿಯನ್ನು ಬಜೆಟ್‌ಗೆ ತರುವುದು ಕಷ್ಟ, ಆ ಹಣಕ್ಕೆ ತೆರಿಗೆ ಬೇಕು, ಬೇರೆ ಯೋಜನೆಗಳ ಜೊತೆ ಪೈಪೋಟಿ ಆಗುತ್ತದೆ. ಬಜೆಟ್‌ನಲ್ಲಿ ಕಾಣುವ ಸಬ್ಸಿಡಿಯನ್ನು ಕಡಿತ ಮಾಡುವುದೂ ಸುಲಭ, ಈ ಅಪಾಯ ನಿಜ. ಆದರೆ ಎಸಿ ಇಲ್ಲದ, 215 ಕಿಲೋಮೀಟರ್‌ನೊಳಗಿನ ಸಾಧಾರಣ ಪ್ಯಾಸೆಂಜರ್‌ಗಳಿಂದ ಶುರು ಮಾಡಬಹುದು. ಯಾವ ಮಾರ್ಗದಲ್ಲಿ ದಿನಕ್ಕೆ ಕನಿಷ್ಠ ಎಷ್ಟು ಗಾಡಿ ಎಂದು ಬರೆದು, ಅದಕ್ಕೆ ತಕ್ಕ ದುಡ್ಡು ರೈಲ್ವೆಗೆ ಕೊಡಬೇಕು. ಆಗ ಪ್ಯಾಸೆಂಜರ್ ಓಡಿಸುವುದು ರೈಲ್ವೆಗೆ ನಷ್ಟದ ಕೆಲಸ ಆಗಿ ಉಳಿಯುವುದಿಲ್ಲ. ಕಲ್ಲಿದ್ದಲಿನ ಮೇಲಿನ ಹೊರೆಯನ್ನೂ ನಿಧಾನವಾಗಿ ಇಳಿಸಬಹುದು. ಹೊಸ ಹಳಿಗೆ ಅರ್ಧ ಖರ್ಚು ಹಾಕುವ ರಾಜ್ಯವೂ ದುಡ್ಡು ಕೊಡುವ ಮುಂಚೆಯೇ ಈ ಒಪ್ಪಂದ ಕೇಳಬೇಕು. ಬಾಗಲಕೋಟೆ–ಕುಡಚಿ ಮಾರ್ಗ ಅದಕ್ಕೆ ಸರಿಯಾದ ಜಾಗ, ಹಳಿಯ ಕೆಲಸ ಮುಗಿಯುವ ಮೊದಲೇ ಕೇಳಿದರೆ ಮಾತಿಗೆ ಬಲ ಇರುತ್ತದೆ.

ಏನೂ ಮಾಡದಿದ್ದರೆ ಮುಂದೆ ಆಗುವುದನ್ನು ಊಹಿಸುವುದು ಕಷ್ಟವಲ್ಲ. ಒಂದೆರಡು ವರ್ಷಕ್ಕೊಮ್ಮೆ 1 ಪೈಸೆ, 2 ಪೈಸೆ ಏರುತ್ತದೆ. ಹೊಸ ಗಾಡಿಗಳಲ್ಲಿ ದುಬಾರಿ ಸೀಟುಗಳೇ ಹೆಚ್ಚುತ್ತವೆ. ಪ್ಯಾಸೆಂಜರ್ ದರ ಹಾಗೇ ಇರುತ್ತದೆ, ಆ ದರಕ್ಕೆ ಸಿಗುವ ಗಾಡಿ ಕಡಿಮೆಯಾಗುತ್ತಾ ಹೋಗುತ್ತದೆ. ಹುಬ್ಬಳ್ಳಿಯ ನೈರುತ್ಯ ರೈಲ್ವೆ ಕಚೇರಿಗೆ ನಮ್ಮ ಸಂಸದರು, ವ್ಯಾಪಾರಿ ಸಂಘಗಳು, ಹೋರಾಟ ಸಮಿತಿಗಳು ಕೊಡುವ ಮನವಿಗಳಲ್ಲಿ ಹೊಸ ಎಕ್ಸ್‌ಪ್ರೆಸ್ ಮತ್ತು ನಿಲುಗಡೆಗಳ ಬೇಡಿಕೆಯ ಜೊತೆಗೆ ಇನ್ನೊಂದು ಪ್ರಶ್ನೆ ಸೇರಬೇಕು: ಹೋಟಗಿ–ಗದಗ ಮಾರ್ಗದಲ್ಲಿ ಮತ್ತು ಲೋಂಡಾ–ಮಿರಜ್ ಮಾರ್ಗದಲ್ಲಿ ಸಾಧಾರಣ ದರದ ಗಾಡಿಗಳು ಹತ್ತು ವರ್ಷದ ಹಿಂದೆ ಎಷ್ಟಿದ್ದವು, ಈಗ ಎಷ್ಟಿವೆ?